ಮನೆಗೊಂದು ಗರಡಿ

ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಇಂದು ಯಾವ ಮನೆಯನ್ನು ಹೊಕ್ಕು ನೋಡಿದರೂ ದೇವರಿಗೊಂದು ಕೋಣೆಯುಂಟು, ಅತಿಥಿಗಳಿಗೊಂದು ಕೋಣೆಯುಂಟು, ವಾಹನಕ್ಕೊಂದು ನೆರಳೂ ಉಂಟು. ಇವೆಲ್ಲವನ್ನೂ ಅನುಭವಿಸಬೇಕಾದ ಶರೀರಕ್ಕೆ ಮಾತ್ರ ಒಂದು ಮೂಲೆಯೂ ಮೀಸಲಾಗಿರುವುದಿಲ್ಲ. ನಮ್ಮ ಅಜ್ಜಂದಿರ ಕಾಲದ ಮನೆಗೆ ಅಂತಹ ಮೂಲೆಯ ಅಗತ್ಯವೇ ಬೀಳಲಿಲ್ಲ. ಬಾವಿಯ ಹಗ್ಗ, ಬೀಸುವ ಕಲ್ಲು, ಒನಕೆ, ಕಟ್ಟಿಗೆ ಸೀಳುವ ಕೊಡಲಿ ಇವೇ ಅಂದಿನ ವ್ಯಾಯಾಮದ ಸಾಮಗ್ರಿಗಳು. ಇಂದು ಜೋಳದ ಹಿಟ್ಟು ಗಿರಣಿಯಿಂದ ಬರುತ್ತದೆ, ನೀರು ನಲ್ಲಿಯಿಂದ ಬರುತ್ತದೆ, ಬೆಂಕಿ ಸಿಲಿಂಡರಿನಿಂದ ಬರುತ್ತದೆ. ಇವುಗಳ ಜೊತೆಗೆ ಸಕ್ಕರೆ ಕಾಯಿಲೆ, ಮೊಣಕಾಲಿನ ನೋವು, ಬೆನ್ನಿನ ಬೇನೆಗಳೂ ಕರೆಯದೆಯೇ ಬಂದು ಕುಳಿತಿವೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸಲಹೆಯಂತೆ, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಕಾಲ ಹದವಾದ ದೈಹಿಕ ಶ್ರಮ ಮಾಡಬೇಕು; ಅದರ ಜೊತೆಗೆ ವಾರದಲ್ಲಿ 2 ದಿನಗಳಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವಿರಬೇಕು. ಮೊದಲನೆಯದನ್ನು ಬೆಳಗಿನ ನಡಿಗೆ ಪೂರೈಸೀತು. ಎರಡನೆಯದನ್ನು ಮಾತ್ರ ನಾವು ಹರೆಯದ ಹುಡುಗರಿಗೆ ಬಿಟ್ಟುಕೊಟ್ಟು ನಿಶ್ಚಿಂತರಾಗಿದ್ದೇವೆ. ಭಾರ ಎತ್ತುವುದೆಂದರೆ ತೋಳಿನ ಉಬ್ಬನ್ನು ಕನ್ನಡಿಯಲ್ಲಿ ನೋಡಿಕೊಳ್ಳುವವರ ಕೆಲಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾಸ್ತವವಾಗಿ ಅದರ ಅಗತ್ಯ ಹೆಚ್ಚಾಗಿರುವುದು ವಯಸ್ಸಾದಂತೆ ಸ್ನಾಯು ಕರಗುತ್ತ ಹೋಗುವ ತಂದೆಗೆ, ಎಲುಬು ಸವೆಯುವ ವಯಸ್ಸಿಗೆ ಕಾಲಿಡುತ್ತಿರುವ ತಾಯಿಗೆ. ಉಂಡ ಅನ್ನದಿಂದ ರಕ್ತಕ್ಕೆ ಸೇರುವ ಸಕ್ಕರೆಯನ್ನು ಹೀರಿಕೊಂಡು ಖರ್ಚು ಮಾಡುವ ದೊಡ್ಡ ಉಗ್ರಾಣವೇ ಸ್ನಾಯು. ಉಗ್ರಾಣ ಕಿರಿದಾದರೆ ಸರಕು ಬೀದಿಯಲ್ಲಿ ಬೀಳುವುದು ಸಹಜವಲ್ಲವೆ?

ಹಾಗಾದರೆ ಭಾರವನ್ನು ಎಲ್ಲಿಂದ ತರುವುದು? ಅಂಗಡಿಯಲ್ಲಿ ದೊರೆಯುವ ಸಾಮಗ್ರಿಗಳ ಬೆಲೆ ಕೇಳಿ ಹಿಂತಿರುಗುವವರೇ ಹೆಚ್ಚು. ಆದರೆ ನಮ್ಮ ಊರಿನಲ್ಲಿ ಇದಕ್ಕೊಂದು ಉಪಾಯವುಂಟು.

ಹುಮನಾಬಾದ್ ರಸ್ತೆಯ ಬೆಂಕಿಹೂಗಳು

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟರೆ ಊರಿನ ಅಂಚಿನಲ್ಲಿಯೇ ಕಪನೂರಿನ ಕೈಗಾರಿಕಾ ಪ್ರದೇಶ ಎದುರಾಗುತ್ತದೆ. ಇನ್ನೂ ಮುಂದೆ ಸಾಗಿದರೆ ಕೆಂಪು ಬಾಳೆಯಿಂದ ನಾಡಿನಲ್ಲೆಲ್ಲ ಹೆಸರು ಪಡೆದ ಕಮಲಾಪುರ. ಈ ರಸ್ತೆಯಲ್ಲಿ ಹೋಗಿಬರುವವರಿಗೆ ನೀಲಿ ಬೆಳಕಿನ ಮಿಂಚು ಹೊಸದಲ್ಲ. ವೆಲ್ಡಿಂಗ್ ಅಂಗಡಿಗಳಲ್ಲಿ ಬೇಸಿಗೆಗೆ ಮುನ್ನ ಕೂಲರ್ ಸ್ಟ್ಯಾಂಡುಗಳು, ಮದುವೆಯ ಕಾಲಕ್ಕೆ ಕಬ್ಬಿಣದ ಮಂಚಗಳು, ಮುಂಗಾರಿಗೆ ಮುನ್ನ ಕೂರಿಗೆ, ಕುಂಟೆಗಳು, ವರ್ಷವಿಡೀ ಗೇಟು ಮತ್ತು ಕಿಟಕಿಯ ಜಾಲರಿಗಳು ಸಿದ್ಧವಾಗುತ್ತಿರುತ್ತವೆ. ತೊಗರಿಯ ಹೊಲಕ್ಕೆ ಬೇಕಾದ ಸಾಧನವನ್ನು ರೈತನ ಎತ್ತಿನ ಅಳತೆಗೆ ಮಾಡಿಕೊಡಬಲ್ಲ ಕುಶಲಿಗೆ ನಮ್ಮ ನಿಮ್ಮ ತೋಳಿನ ಅಳತೆಗೆ ಒಂದು ಡಂಬೆಲ್ ಮಾಡಿಕೊಡುವುದು ಅಸಾಧ್ಯವೇನಲ್ಲ.

ಈ ಸಾಧ್ಯತೆಯನ್ನು ಜನ ಚೆನ್ನಾಗಿ ಅರಿತುಕೊಂಡದ್ದು 2020ರಲ್ಲಿ. ಕೊರೋನಾ ಸೋಂಕಿನಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ಆ ವರ್ಷದ ಮಾರ್ಚ್ ತಿಂಗಳಲ್ಲಿ ವರದಿಯಾದುದು ಇದೇ ಕಲಬುರಗಿಯಿಂದ. ದೇಶವೆಲ್ಲ ಬಾಗಿಲು ಹಾಕಿದಾಗ ವ್ಯಾಯಾಮಶಾಲೆಗಳೂ ಮುಚ್ಚಿದವು. ಅವು ಮತ್ತೆ ತೆರೆಯಲು ಕೇಂದ್ರದ ಅನುಮತಿ ದೊರೆತದ್ದು ಆಗಸ್ಟ್ ತಿಂಗಳಲ್ಲಿ. ನಡುವಣ ತಿಂಗಳುಗಳಲ್ಲಿ ಮನೆಯೇ ಗರಡಿಯಾಗಬೇಕಾಯಿತು. ನೀರು ತುಂಬಿದ ಕೊಡಗಳು, ಗೋಧಿಯ ಚೀಲಗಳು, ಕಡೆಗೆ ಮೂಲೆಯಲ್ಲಿ ಮರೆತುಹೋಗಿದ್ದ ರುಬ್ಬುವ ಗುಂಡು ಸಹ ಕೈಗೆ ಬಂದವು.

ಕಲ್ಲಿನಿಂದ ಕಬ್ಬಿಣಕ್ಕೆ

ಇದನ್ನು ಹೊಸ ವಿದ್ಯೆಯೆಂದು ಬಗೆಯುವ ಕಾರಣವಿಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನೂ ಉಸುಕಿನ ಚೀಲವನ್ನು ಹೆಗಲಿಗೇರಿಸುವವರನ್ನೂ ಕಾಣದವರು ವಿರಳ. ಮೈಸೂರಿನ ಗರಡಿಮನೆಗಳಲ್ಲಿ ಗದೆ ಮತ್ತು ಲೋಡುಗಳು ಇಂದಿಗೂ ತಿರುಗುತ್ತಿವೆ. ಈ ಉಪಕರಣಗಳನ್ನು ಯಾವ ಕಾರ್ಖಾನೆಯೂ ಮಾಡಿ ಕಳುಹಿಸಲಿಲ್ಲ. ಊರಿನ ಕಲ್ಲುಕುಟಿಗ ಕಲ್ಲನ್ನು ಕಡೆದುಕೊಟ್ಟ, ಬಡಗಿ ಮರವನ್ನು ಕೆತ್ತಿಕೊಟ್ಟ. ಎತ್ತುವವನ ಕೈಯ ಹಿಡಿತವೇ ಅಳತೆಗೋಲಾಗಿತ್ತು.

ಕಮಲಾಪುರವನ್ನು ದಾಟಿ ಹುಮನಾಬಾದಿನ ಮಾರ್ಗವಾಗಿ ಮುಂದುವರಿದರೆ ಬಸವಕಲ್ಯಾಣವನ್ನು ಸೇರುತ್ತೇವೆ. 12ನೆಯ ಶತಮಾನದಲ್ಲಿ ಅದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ಬೃಹದ್‌ಗ್ರಂಥವನ್ನು ರಚಿಸಿದನಷ್ಟೆ. ಅದರ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳನ್ನು ವಯಸ್ಸು, ಗಾತ್ರ, ಬಲಗಳಿಗೆ ಅನುಸಾರವಾಗಿ ವಿಂಗಡಿಸುವ ಕ್ರಮವಿದೆ. ಅವರ ಆಹಾರ ಮತ್ತು ಸಾಮಿನ ವಿಧಾನಗಳ ವರ್ಣನೆಯಿದೆ. ಎಲ್ಲರಿಗೂ ಒಂದೇ ಭಾರವಲ್ಲವೆಂಬ ವಿವೇಕ ಅಂದೇ ಇದ್ದಿತೆಂಬುದು ನಾವು ಗಮನಿಸತಕ್ಕ ಅಂಶ.

ಲೋಡುಗಳನ್ನು ಇಲ್ಲಿ ಕಂಡ ಬ್ರಿಟಿಷ್ ಸೈನಿಕರು ಅವುಗಳನ್ನು ತಮ್ಮ ದೇಶಕ್ಕೆ ಒಯ್ದರು. ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಅವು ಎಷ್ಟು ಜನಪ್ರಿಯವಾದುವೆಂದರೆ 1904 ಮತ್ತು 1932ರ ಒಲಿಂಪಿಕ್ ಕೂಟಗಳಲ್ಲಿ ಅವುಗಳನ್ನು ತಿರುಗಿಸುವುದೇ ಒಂದು ಸ್ಪರ್ಧೆಯಾಗಿತ್ತು. ಅತ್ತಣಿಂದ ಇತ್ತ ಬಂದದ್ದು ಕಬ್ಬಿಣ. 20ನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ಭೇಟಿಯಿತ್ತ ಯೂಜೀನ್ ಸ್ಯಾಂಡೊ ಎಂಬ ಜಗಜಟ್ಟಿಯ ಪ್ರಭಾವ ಎಷ್ಟೆಂಬುದಕ್ಕೆ ದೂರದ ಸಾಕ್ಷಿ ಬೇಡ. ನಮ್ಮ ಮನೆಯ ಹಗ್ಗದ ಮೇಲೆ ಒಣಗುವ ತೋಳಿಲ್ಲದ ಬನಿಯನ್ ಇಂದಿಗೂ ಅವನ ಹೆಸರನ್ನೇ ಹೊತ್ತಿದೆ!

ಈ ಎರಡು ಪ್ರವಾಹಗಳನ್ನು ಒಂದೇ ಅಂಗಳದಲ್ಲಿ ಕೂಡಿಸಿದವರು ಕನ್ನಡಿಗರಿಗೆ ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಮೂಲಕ ಪರಿಚಿತರಾದ ಕೆ.ವಿ. ಅಯ್ಯರ್. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಅಯ್ಯರ್ ಅವರು 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದರು. ಯೋಗಾಸನ ಮತ್ತು ಭಾರಸಾಧನೆ ಒಂದಕ್ಕೊಂದು ಪೂರಕವೆಂದು ಸಾರಿದರು. ಅಂಚೆಯ ಮೂಲಕವೂ ವ್ಯಾಯಾಮವನ್ನು ಕಲಿಸಿದರು. ಕಾದಂಬರಿಯ ಲೇಖನಿಯನ್ನು ಹಿಡಿದ ಕೈ ಕಬ್ಬಿಣವನ್ನೂ ಹಿಡಿದಿತ್ತೆಂಬುದನ್ನು ಪುಸ್ತಕಪ್ರಿಯರಾದ ನಾವು ಆಗಾಗ ನೆನೆಯುವುದೊಳ್ಳೆಯದು.

ತೂಕದ ಲೆಕ್ಕಾಚಾರ

ಇನ್ನು ಕಾರ್ಯಾಗಾರಕ್ಕೆ ಹೋಗೋಣ. “ಒಂದು ಐದು ಕಿಲೊ ಡಂಬೆಲ್ ಮಾಡಿಕೊಡಿ” ಎಂದು ಹೇಳಿ ಕೈಕಟ್ಟಿ ನಿಂತರೆ ಸಾಲದು. ಕಬ್ಬಿಣದ ತೂಕವನ್ನು ಕಂಡುಹಿಡಿಯುವ ಸುಲಭ ಸೂತ್ರವೊಂದನ್ನು ಮನೆಯಿಂದಲೇ ಲೆಕ್ಕ ಹಾಕಿಕೊಂಡು ಹೋಗಬೇಕು. ಗುಂಡು ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರ್ ಉದ್ದದ ಸರಳಿನ ತೂಕ ಕಿಲೊಗಳಲ್ಲಿ ದೊರೆಯುತ್ತದೆ. ಉಕ್ಕಿನ ವ್ಯಾಪಾರದಲ್ಲಿರುವವರಿಗೆ ಇದು ಬಾಯಿಪಾಠ.

ಉದಾಹರಣೆಗೆ 32 ಮಿಲಿಮೀಟರ್ ದಪ್ಪದ ಸರಳನ್ನು ತೆಗೆದುಕೊಳ್ಳಿ. 32ನ್ನು 32ರಿಂದ ಗುಣಿಸಿದರೆ 1024. ಅದನ್ನು 162ರಿಂದ ಭಾಗಿಸಿದರೆ 6.32. ಎಂದರೆ ಮೀಟರಿಗೆ 6 ಕಿಲೊ 320 ಗ್ರಾಂ. ಈ ಸರಳಿನಿಂದ 16 ಸೆಂಟಿಮೀಟರ್ ತುಂಡನ್ನು ಕತ್ತರಿಸಿದರೆ ಅದು ಹೆಚ್ಚುಕಡಿಮೆ ಸರಿಯಾಗಿ 1 ಕಿಲೊ ತೂಗುತ್ತದೆ. 32 ಸೆಂಟಿಮೀಟರಿನ ತುಂಡು 2 ಕಿಲೊ. ಇದಕ್ಕೆ ಬೆಸುಗೆಯೂ ಬೇಡ, ಬಿಲ್ಲೆಯೂ ಬೇಡ. ಎರಡು ತುದಿಗಳ ಅಂಚನ್ನು ಉಜ್ಜಿ ದುಂಡಗೆ ಮಾಡಿಸಿ ಮೇಲೆ ಬಟ್ಟೆಯ ಪಟ್ಟಿ ಸುತ್ತಿದರೆ ಮನೆಯ ಹಿರಿಯರಿಗೂ ಗೃಹಿಣಿಯರಿಗೂ ಬೇಕಾದ ಮೊದಲ ಭಾರ ಸಿದ್ಧವಾಯಿತು. ಇದಕ್ಕಿಂತ ಸರಳವಾದ ವ್ಯಾಯಾಮಸಾಧನವನ್ನು ಕಬ್ಬಿಣದಲ್ಲಿ ಮಾಡುವುದು ಕಷ್ಟ.

ಹೆಚ್ಚಿನ ಭಾರಕ್ಕೆ ಬಿಲ್ಲೆಗಳು ಬೇಕು. ಒಂದು ಘನ ಸೆಂಟಿಮೀಟರ್ ಉಕ್ಕು 7.85 ಗ್ರಾಂ ತೂಗುತ್ತದೆ. 15 ಸೆಂಟಿಮೀಟರ್ ಅಗಲ, 16 ಮಿಲಿಮೀಟರ್ ದಪ್ಪದ ದುಂಡು ಬಿಲ್ಲೆಯೊಂದು, ನಡುವಣ ರಂಧ್ರವನ್ನು ಕಳೆದು, ಸುಮಾರು 2 ಕಿಲೊ 150 ಗ್ರಾಂ ಆಗುತ್ತದೆ. 25 ಮಿಲಿಮೀಟರಿನ ಸರಳು ಮೀಟರಿಗೆ 3 ಕಿಲೊ 860 ಗ್ರಾಂ ತೂಗುವುದರಿಂದ 35 ಸೆಂಟಿಮೀಟರಿನ ಹಿಡಿಯ ತೂಕ 1 ಕಿಲೊ 350 ಗ್ರಾಂ. ಎರಡೂ ಬದಿಗೆ ಒಂದೊಂದು ಬಿಲ್ಲೆ ಸೇರಿಸಿದರೆ ಒಟ್ಟು 5 ಕಿಲೊ 650 ಗ್ರಾಂ. ಲೇತ್ ಯಂತ್ರದ ಮೇಲೆ ಹಿಡಿಯ ತುದಿಗಳಿಗೆ ಮರೆ ಕೊರೆಸಿ ದಪ್ಪ ನಟ್ಟು ಹಾಕಿಸಿಕೊಂಡರೆ ಬಿಲ್ಲೆಗಳನ್ನು ಬೇಕಾದಂತೆ ಕೂಡಿಸಬಹುದು, ಕಳೆಯಬಹುದು. ಒಂದೇ ಹಿಡಿ ಮಗನಿಗೂ ಆಯಿತು, ತಂದೆಗೂ ಆಯಿತು.

ಎರಡೂ ಕೈಗಳಿಂದ ಎತ್ತುವ ಉದ್ದ ಸರಳಿನ ವಿಷಯದಲ್ಲಿ ಒಂದು ಮಾತು. ಸ್ಪರ್ಧೆಗಳಲ್ಲಿ ಪುರುಷರು ಬಳಸುವ ಸರಳು 2.2 ಮೀಟರ್ ಉದ್ದ, 20 ಕಿಲೊ ತೂಕ. ಮಹಿಳೆಯರದು 15 ಕಿಲೊ. ಬಾಗಿದರೂ ಮರಳಿ ನೆಟ್ಟಗಾಗುವ ವಿಶೇಷ ಉಕ್ಕಿನಿಂದ ಅವುಗಳನ್ನು ಮಾಡಿರುತ್ತಾರೆ. ನಮ್ಮ ಅಂಗಡಿಗಳಲ್ಲಿ ದೊರೆಯುವ ಮೆದು ಉಕ್ಕಿನ ಸರಳು ಹಾಗಲ್ಲ. ಒಮ್ಮೆ ಬಾಗಿದರೆ ಬಾಗಿದ್ದೇ. ಮನೆಯ ಮಟ್ಟಿಗೆ 28 ಮಿಲಿಮೀಟರ್ ದಪ್ಪದ, ಒಂದೂವರೆ ಮೀಟರ್ ಉದ್ದದ ಸರಳಿಗೆ 40 ಕಿಲೊ ಮೀರದಂತೆ ಬಿಲ್ಲೆ ಹಾಕಿಕೊಂಡರೆ ಯಾವ ಬಾಧಕವೂ ಇಲ್ಲ.

“ಗೇಟ್ ಬ್ಯಾರೆ, ಇದು ಬ್ಯಾರೆರಿ”

ನಮ್ಮ ಕಡೆ ಕುಸ್ತಿ ಕಲಿಸುವವರನ್ನು ವಸ್ತಾದರೆಂದೂ ಕಾರ್ಯಾಗಾರದ ಹಿರಿಯನನ್ನು ಉಸ್ತಾದನೆಂದೂ ಕರೆಯುವುದು ರೂಢಿ. ಎರಡೂ ಒಂದೇ ಮಾತಿನ ಎರಡು ಉಚ್ಚಾರಣೆಗಳು. ಕಮಲಾಪುರದ ಅಂತಹ ಒಬ್ಬ ಉಸ್ತಾದರ ಅಂಗಡಿಯಲ್ಲಿ ನಾನು ಅರ್ಧ ದಿನ ಕುಳಿತು ನೋಡಿದೆ. ಟ್ರ್ಯಾಕ್ಟರಿನ ಟ್ರೇಲರಿಗೆ ಬೆಸುಗೆ ಹಾಕುತ್ತಿದ್ದ ಅವರ ಬಳಿಗೆ ಹುಡುಗನೊಬ್ಬ ಮೊಬೈಲಿನಲ್ಲಿ ಚಿತ್ರವೊಂದನ್ನು ತೋರಿಸುತ್ತ ಬಂದ. ಮಲಗಿಕೊಂಡು ಎದೆಯ ಮೇಲಿಂದ ಭಾರ ಎತ್ತುವ ಬೆಂಚು ಅದು.

“ಕಾಕಾ, ಕಿಟಕಿ ಪೈಪಿನ್ಯಾಗ ಮಾಡಿಕೊಡ್ರಿ, ಕಡಿಮಿ ಆಗ್ತದ” ಎಂದ ಹುಡುಗ.

ಉಸ್ತಾದರು ಮುಖದ ಗುರಾಣಿಯನ್ನು ಮೇಲೆತ್ತಿ ಚಿತ್ರವನ್ನು ಬಹಳ ಹೊತ್ತು ನೋಡಿದರು. “ತಮ್ಮಾ, ಗೇಟಿನ ಬೆಸುಗಿ ಬಿಟ್ರ ಗೇಟ್ ಜೋತು ಬೀಳ್ತದ. ಇದರ ಬೆಸುಗಿ ಬಿಟ್ರ ನಿನ್ನ ಎದಿ ಮ್ಯಾಲ ಬೀಳ್ತದ. ಗೇಟ್ ಬ್ಯಾರೆ, ಇದು ಬ್ಯಾರೆ” ಎಂದರು. ಬಳಿಕ ನನ್ನ ಕಡೆ ತಿರುಗಿ, “ಮಾಸ್ತರ್ರೆ, ನೀವಾದ್ರೂ ಹೇಳ್ರಿ” ಎಂದು ನಕ್ಕರು.

ಅವರು ಹೇಳಿದ ಮಾತಿನಲ್ಲಿಯೇ ಈ ವಿದ್ಯೆಯ ಸಾರವೆಲ್ಲ ಅಡಗಿದೆ. ಕೈಯಿಂದ ಜಾರಿದರೆ ನೆಲಕ್ಕೆ ಬೀಳುವ ಸಾಧನ ಒಂದು ಬಗೆ. ಮುರಿದರೆ ಮನುಷ್ಯನ ಮೇಲೆ ಬೀಳುವ, ಇಲ್ಲವೆ ಮನುಷ್ಯನನ್ನೇ ಬೀಳಿಸುವ ಸಾಧನ ಇನ್ನೊಂದು ಬಗೆ. ಮೊದಲನೆಯದನ್ನು ಧೈರ್ಯವಾಗಿ ಮಾಡಿಸಿಕೊಳ್ಳಿ. ಎರಡನೆಯದಕ್ಕೆ ಕೆಲವು ನಿಯಮಗಳುಂಟು.

ಬೆಂಚಿನ ಕಾಲುಗಳಿಗೂ ಭಾರ ಇಡುವ ಕಂಬಗಳಿಗೂ 50 ಮಿಲಿಮೀಟರ್ ಚೌಕದ, 3 ಮಿಲಿಮೀಟರ್ ದಪ್ಪ ಗೋಡೆಯ ಕೊಳವೆಯನ್ನೇ ಬಳಸಿಸಬೇಕು. ಜಾಲರಿಯ ತೆಳುಕೊಳವೆ ಕೂಡದು. ಬೆಂಚಿನ ಎತ್ತರ 43ರಿಂದ 45 ಸೆಂಟಿಮೀಟರ್ ಇದ್ದರೆ ಪಾದಗಳು ನೆಲಕ್ಕೆ ಊರಿ ನಿಲ್ಲುತ್ತವೆ. ಎದೆಯ ಮಟ್ಟದಲ್ಲಿ ಎರಡೂ ಬದಿಗೆ ಅಡ್ಡಪಟ್ಟಿಗಳಿರಬೇಕು, ಕೈ ಸೋತಾಗ ಸರಳು ಅವುಗಳ ಮೇಲೆ ಕೂರುವಂತೆ. ಜೋತಾಡುವ ಸರಳಿಗೆ ಒಂದಿಂಚಿನ ಕೊಳವೆ ಹಿಡಿತಕ್ಕೆ ಹದವಾಗಿರುತ್ತದೆ; ಹೆಸರಿಗೆ ಒಂದಿಂಚಾದರೂ ಅದರ ಹೊರ ಅಳತೆ ಸುಮಾರು 33 ಮಿಲಿಮೀಟರ್ ಇರುವುದು. ಅದನ್ನು ಕಾಂಕ್ರೀಟಿನ ತೊಲೆಗೆ ಇಲ್ಲವೆ ದಪ್ಪ ಗೋಡೆಗೆ ಬೋಲ್ಟು ಹಾಕಿ ನಿಲ್ಲಿಸತಕ್ಕದ್ದು. ಹಳೆಯ ಮನೆಗಳ ಕಲ್ಲುಹಾಸಿನ ಮಾಳಿಗೆಗೂ ಒಂದಿಟ್ಟಿಗೆಯ ಅಡ್ಡಗೋಡೆಗೂ ಈ ಭಾರವನ್ನು ಹೊರಿಸಬಾರದು. ತಂತಿಹಗ್ಗ ಮತ್ತು ರಾಟೆಗಳಿರುವ ಯಂತ್ರಗಳ ಗೋಜಿಗೆ ಮನೆಯವರು ಹೋಗದಿರುವುದೇ ಲೇಸು.

ಸಿದ್ಧವಾದ ಸಾಧನವನ್ನು ಪರೀಕ್ಷಿಸದೆ ಮೈಯೊಡ್ಡುವುದು ಸಲ್ಲದು. ಅದು ಹೊರಬೇಕಾದ ತೂಕದ ಎರಡರಷ್ಟು ಉಸುಕಿನ ಚೀಲಗಳನ್ನು ಅದರ ಮೇಲೆ ಹೇರಿ ಒಂದು ರಾತ್ರಿ ಬಿಡಿ. ಒಂದು ಲೀಟರ್ ಒಣ ಉಸುಕು ಸುಮಾರು 1 ಕಿಲೊ 600 ಗ್ರಾಂ ತೂಗುವುದರಿಂದ ಲೆಕ್ಕಕ್ಕೆ ತೊಡಕಿಲ್ಲ. ಬೆಳಿಗ್ಗೆ ಎದ್ದು ಬಾಗಿದೆಯೋ, ಬೆಸುಗೆಯ ಬಳಿ ಬಿರುಕು ಕಂಡಿದೆಯೋ ನೋಡಿ.

ಬಣ್ಣ ಬಳಿಯುವ ಮುನ್ನ

ಸಾಧನವನ್ನು ತರಲು ಹೋದಾಗ ಬಣ್ಣ ಬಳಿದು ಮಿರುಗುತ್ತಿದ್ದರೆ ಸಂತೋಷಪಡುವವರೇ ಹೆಚ್ಚು. ಜಾಣರು ಬಣ್ಣಕ್ಕೆ ಮೊದಲೇ ಹೋಗುತ್ತಾರೆ. ಬೆಸುಗೆಯ ಮೇಲಿನ ಕಿಟ್ಟವನ್ನು ಕೆತ್ತಿಸಿ ನೋಡಿದರೆ ಎರಡೂ ಲೋಹಗಳು ಒಂದರಲ್ಲೊಂದು ಕರಗಿ ಬೆರೆತು, ಮೀನಿನ ಪೊರೆಯಂತೆ ಸಮನಾದ ಅಲೆಗಳು ಕಾಣಬೇಕು. ಅಲ್ಲಲ್ಲಿ ಚುಕ್ಕಿಯಿಟ್ಟಂತೆ ಹಾಕಿದ ‘ಟ್ಯಾಕ್’ ಕೆಲಸದ ಆರಂಭಕ್ಕೆ ಮಾತ್ರ. ಸುತ್ತಲೂ ಪೂರ್ಣ ಬೆಸುಗೆ ಬಿದ್ದಿದೆಯೇ ಎಂದು ಕೇಳಲು ಸಂಕೋಚ ಬೇಡ.

ಗುಜರಿಯ ಕಬ್ಬಿಣ ಅಗ್ಗವೆಂಬುದು ನಿಜ. ಹಳೆಯ ಪಂಪಿನ ಚಕ್ರವಾಗಲಿ ಸವೆದ ಗಿಯರಾಗಲಿ ಒಳ್ಳೆಯ ಭಾರವಾದೀತು. ಆದರೆ ಲಾರಿಯ ಸ್ಪ್ರಿಂಗ್ ಪಟ್ಟಿ, ಆಕ್ಸಲ್ ಮೊದಲಾದ ಗಡಸು ಉಕ್ಕಿಗೆ ಮಾಮೂಲಿನಂತೆ ಬೆಸುಗೆ ಹಾಕಿದರೆ ಬೆಸುಗೆಯ ಪಕ್ಕದಲ್ಲಿಯೇ ಬಿರುಕು ಬಿಡುವುದುಂಟು. ಹಳೆಯ ಬ್ರೇಕಿನ ಭಾಗಗಳಲ್ಲಿ ಕಲ್ನಾರಿನ ಧೂಳಿರಬಹುದು. ಅವನ್ನು ಮನೆಗೆ ತರಲೇಬೇಡಿ. ಎಣ್ಣೆಯ ಮುಚ್ಚಿದ ಡ್ರಮ್ಮನ್ನು ಕತ್ತರಿಸಿಕೊಡೆಂದು ಯಾರನ್ನೂ ಒತ್ತಾಯಿಸಬೇಡಿ. ಒಳಗಿನ ಆವಿ ಹೊತ್ತಿ ಸಿಡಿದರೆ ಹೋಗುವುದು ಕುಶಲಿಯ ಜೀವ. ಸತುವಿನ ಲೇಪವಿರುವ ನೀರಿನ ಕೊಳವೆಯನ್ನು ಬೆಸೆಯುವಾಗ ಏಳುವ ಬಿಳಿಹೊಗೆ ಅವನಿಗೆ ಚಳಿಜ್ವರ ತರಬಲ್ಲದು. ಆದ್ದರಿಂದ ಕಪ್ಪು ಕೊಳವೆಯನ್ನೇ ಕೇಳಿ. ನಮ್ಮ ಆರೋಗ್ಯಕ್ಕಾಗಿ ಮಾಡಿಸುವ ವಸ್ತು ಇನ್ನೊಬ್ಬನ ಆರೋಗ್ಯವನ್ನು ಕೆಡಿಸಿ ಬರಬಾರದಷ್ಟೆ. ಹಾಗೆಯೇ ಜೊತೆಗೆ ಕರೆದೊಯ್ದ ಮಕ್ಕಳು ಬೆಸುಗೆಯ ನೀಲಿ ಬೆಳಕನ್ನು ಬರಿಗಣ್ಣಿನಿಂದ ನೋಡುತ್ತ ನಿಲ್ಲದಂತೆ ಎಚ್ಚರವಿರಲಿ. ಅದರ ಉರಿ ಕಣ್ಣಿಗೆ ತಿಳಿಯುವುದು ರಾತ್ರಿ ಮಲಗಿದ ಮೇಲೆ.

ಮನೆಗೆ ಬಂದ ಮೇಲೆ

ನಮ್ಮ ಭಾಗದ ಮನೆಗಳಲ್ಲಿ ಶಹಾಬಾದ ಕಲ್ಲಿನ ನೆಲ ಸಾಮಾನ್ಯ. ಬೇಸಿಗೆಯಲ್ಲಿ ತಂಪು, ಒರೆಸಲು ಸುಲಭ. ಆದರೆ ಕಬ್ಬಿಣ ಬಿದ್ದರೆ ಬಿರಿಯುವುದು ಖಂಡಿತ. ಹಳೆಯ ರಬ್ಬರ್ ಹಾಸನ್ನೋ ಎರಡು ಪದರ ಗೋಣಿಯ ಮೇಲೆ ಹಲಗೆಯನ್ನೋ ಹಾಸಿಕೊಳ್ಳದೆ ಭಾರಕ್ಕೆ ಕೈಹಾಕಿದರೆ ಮನೆಯೊಡತಿಯ ಆಗ್ರಹಕ್ಕೆ ಗುರಿಯಾಗಬೇಕಾದೀತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುವ ಊರು ನಮ್ಮದು. ಮಾಳಿಗೆಯ ಮೇಲಿಟ್ಟ ಸರಳು ಹತ್ತು ಗಂಟೆಯ ಹೊತ್ತಿಗೆ ಕಾದ ಹಂಚಾಗಿರುತ್ತದೆ. ಅದಕ್ಕೂ ನಮಗೂ ನಸುಕೇ ಒಳ್ಳೆಯ ಹೊತ್ತು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಿಲ್ಲೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸದೆ ನೆಲದ ಮೇಲೆ ಮಲಗಿಸಿಡಬೇಕು.

ಆರಂಭಕ್ಕೆ ಎಷ್ಟು ಭಾರ ತಕ್ಕದ್ದು? ಹತ್ತು ಹನ್ನೆರಡು ಸಲ ಉಸಿರು ಕಟ್ಟದೆ ಎತ್ತಲು ಬಂದು, ಕೊನೆಯ ಎರಡು ಸಲ ಮಾತ್ರ ಸ್ವಲ್ಪ ಕಷ್ಟವೆನಿಸಿದರೆ ಅದೇ ನಿಮ್ಮ ಭಾರ. ಅದು 1 ಕಿಲೊ ಆಗಿದ್ದರೆ ನಾಚಿಕೆಪಡುವ ಕಾರಣವಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನುಹುರಿಯ ನೋವುಳ್ಳವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಅರವತ್ತೈದು ದಾಟಿದವರು ಒಂಟಿಕಾಲಿನಲ್ಲಿ ನಿಲ್ಲುವಂತಹ ಸಮತೋಲನದ ಅಭ್ಯಾಸವನ್ನು ವಾರಕ್ಕೆ 3 ದಿನ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೋಡೆಗೆ ಭದ್ರವಾಗಿ ಕೂರಿಸಿದ ಒಂದು ಹಿಡಿಸರಳು ಅವರಿಗೆ ಎಲ್ಲ ಡಂಬೆಲ್ಲುಗಳಿಗಿಂತ ದೊಡ್ಡ ಉಪಕಾರವಾದೀತು.

ನಮ್ಮ ಬಡಾವಣೆಯ ನಿವೃತ್ತ ಶಿಕ್ಷಕಿಯೊಬ್ಬರು ಮೇಲೆ ಹೇಳಿದ 16 ಸೆಂಟಿಮೀಟರಿನ ಎರಡು ತುಂಡುಗಳನ್ನು ಮಾಡಿಸಿಕೊಂಡು ವರ್ಷವಾಗುತ್ತ ಬಂತು. ಮೊದಲ ದಿನ ಮೊಮ್ಮಕ್ಕಳು ನಕ್ಕರಂತೆ. ಈಗ ಸಂಜೆ ಐದಕ್ಕೆ ಅಜ್ಜಿ ಎಣಿಸುತ್ತಾರೆ, ಮೊಮ್ಮಕ್ಕಳು ಎತ್ತುತ್ತಾರೆ. ಬಳಿಕ ಮೊಮ್ಮಕ್ಕಳು ಎಣಿಸುತ್ತಾರೆ, ಅಜ್ಜಿ ಎತ್ತುತ್ತಾರೆ. ತುಕ್ಕು ಹಿಡಿಯದಂತೆ ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆಯ ಕೈಯನ್ನು ಅವುಗಳ ಮೇಲೆ ಸವರುತ್ತಾರೆ. “ಅವಕ್ಕ ಹಚ್ಚೋದು ಇಷ್ಟೇ ಎಣ್ಣಿರಿ, ನನ್ನ ಮೊಣಕಾಲಿಗೆ ಮೊದಲು ಎಷ್ಟ್ ಹಚ್ಚತಿದ್ದೆ!” ಎನ್ನುತ್ತಾರೆ ಅವರು.

ಓದುಗರು ಮುಂದಿನ ಭಾನುವಾರ ಬಿಡುವು ಮಾಡಿಕೊಂಡು, ಅಳತೆಯ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ತಮ್ಮೂರಿನ ಕಾರ್ಯಾಗಾರದ ಮೆಟ್ಟಿಲು ಹತ್ತಬಾರದೇಕೆ?